ಪಕ್ಕದ ಮನೆ ಮರದ ಕೊಂಬೆ ನಮ್ಮ ಕಡೆ ಬಂದ್ರೆ ಕಡಿಯಬಹುದಾ?

ಹನುಮಂತನಗರದ ನಮ್ಮ ಮನೆಗೆ ಬಂದವರು ತಾರಸಿ ಹತ್ತಿದರೆ ಈ ಪ್ರಶ್ನೆ ಗ್ಯಾರಂಟಿ. ಪಕ್ಕದ ಮೇಷ್ಟ್ರ ಮಾವಿನ ಮರ ಅರ್ಧಕ್ಕರ್ಧ ನಮ್ಮ ತಾರಸಿ ಮೇಲೇ ಇತ್ತು. "ಸುಮ್ನೆ ಕಡಿದು ಹಾಕೋದಲ್ವಾ?" ಅಂತ ಎಲ್ಲರೂ ಕೇಳುತ್ತಿದ್ದರು.

ಸಾಮಾನ್ಯವಾಗಿ ಕಡಿಯಬಹುದು. ನಮ್ಮ ಜಾಗದಲ್ಲೇ ನಿಂತು, ಕಾಂಪೌಂಡ್ ಗೆರೆಯವರೆಗೆ ಮಾತ್ರ. ಕಡಿದ ಕೊಂಬೆ, ಅದರಲ್ಲಿರುವ ಕಾಯಿ ಎರಡೂ ಮರದವರದ್ದೇ. ಮರವನ್ನೇ ಉರುಳಿಸುವ ಮಾತು ಬೇರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಸೈಟಿನ ಮರವನ್ನು ಕಡಿಯಲೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ರಾತ್ರಿ ಬುಡಕ್ಕೆ ಆಸಿಡ್ ಸುರಿಯಿರಿ ಅಂದ ನೆಂಟರೂ ನಮಗಿದ್ದಾರೆ! ಅದೂ ಕಡಿದ ಲೆಕ್ಕಕ್ಕೇ ಬರುತ್ತದೆ. ಮರ ಇಂದೋ ನಾಳೆಯೋ ಬೀಳುವ ಹಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಕೊಡಬಹುದು.

ಇಷ್ಟೆಲ್ಲ ಓದಿಕೊಂಡೇ ನಾನು ಜಗಳ ತಂದುಕೊಂಡಿದ್ದು. ಕೇಳಿದ ಹೊತ್ತು ಸರಿಯಿರಲಿಲ್ಲ. ಫೆಬ್ರವರಿ ತಿಂಗಳು, ಮರದ ತುಂಬ ಹೂ. ಮೇಷ್ಟ್ರು ಪೇಪರ್ ಮಡಚಿ ನನ್ನನ್ನೇ ನೋಡಿದರು. "ಹೂ ಬಿಟ್ಟ ಮರಕ್ಕೆ ಕತ್ತಿ ಹಾಕ್ತಾರೇನಪ್ಪಾ?" ನಾನು ಕಾಯ್ದೆ ಗೆರೆ ಅಂತ ಶುರು ಮಾಡಿದೆ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ.

ಮೇ ತಿಂಗಳ ಒಂದು ಮಳೆಗೆ ತಾರಸಿ ಕೆರೆಯಾಯಿತು. ನೀರು ಮೆಟ್ಟಿಲಿಳಿದು ಹಾಲ್‌ಗೇ ಬಂತು. ಪೈಪಿನ ಬಾಯಿಗೆ ಕೈ ಹಾಕಿದರೆ ತೆಂಗಿನಕಾಯಿ ಗಾತ್ರದ ಕಪ್ಪು ಉಂಡೆ. ಕೊಳೆತ ಎಲೆ, ಒಣಗಿದ ಹೂ, ಉದುರಿದ ಮಿಡಿ. ಅದನ್ನು ಬಕೆಟ್‌ನಲ್ಲಿ ಹಾಗೇ ಇಟ್ಟುಕೊಂಡೆ. ಜುಲೈನಲ್ಲಿ, ಕೊನೇ ಹಣ್ಣೂ ಇಳಿದ ಮೇಲೆ, ಬಕೆಟ್ ಹಿಡಿದು ಅವರ ಗೇಟಿಗೆ ಹೋದೆ. ಕಾಯ್ದೆಯ ಸುದ್ದಿ ಎತ್ತಲಿಲ್ಲ. ಮೇಷ್ಟ್ರು ಬಗ್ಗಿ ನೋಡಿ, "ಅಯ್ಯೋ, ಇಷ್ಟೊಂದಾ?" ಅಂದರು.

ಮಾವನ್ನು ಸವರೋಕೆ ಫಸಲು ಮುಗಿದ ಮೇಲಿನ ಹೊತ್ತೇ ಒಳ್ಳೆಯದು. ಆಗ ಕಡಿದರೆ ಹೊಸ ಚಿಗುರು ಬಲಿಯೋಕೆ ಸಮಯ ಸಿಗುತ್ತದೆ. ಮರದವರ ಹೊಟ್ಟೆಯೂ ಜಾಸ್ತಿ ಉರಿಯುವುದಿಲ್ಲ. ಮರ ಹತ್ತುವವನ ಕೂಲಿ ಇಬ್ಬರೂ ಅರ್ಧರ್ಧ ಕೊಟ್ಟೆವು. ಯಾವ ಕೊಂಬೆ ಹೋಗಬೇಕು ಅಂತ ಮೇಷ್ಟ್ರೇ ಕೆಳಗೆ ನಿಂತು ಕೋಲಲ್ಲಿ ತೋರಿಸಿದರು. ಒಂದನ್ನು ಮಾತ್ರ ಬಿಡಿಸಿದರು. ಅದರ ಕಾಯಿ ನಮ್ಮ ತಾರಸಿಯಿಂದಲೇ ಕೈಗೆ ಸಿಗುತ್ತದಂತೆ, ಉಪ್ಪಿನಕಾಯಿಗೆ ನೀವೇ ಇಟ್ಟುಕೊಳ್ಳಿ ಅಂದರು.