ಬಾವಿ ಇಲ್ಲವೆಂದು ಬರೆದುಕೊಂಡ ಮನೆ

ಕಳೆದ ವಾರ ಹೊಸದಾಗಿ ಸೇರಿದ ಹುಡುಗ ಬಿಸಿಎಸ್ (ಸುರಂಗ ಕೊರೆಯುವ ಮುನ್ನ ಮೇಲಿನ ಮನೆಗಳ ಸ್ಥಿತಿ ದಾಖಲಿಸುವ ಸಮೀಕ್ಷೆ) ಫಾರಂಗಳ ಕಟ್ಟೊಂದನ್ನು ಸಹಿಗೆಂದು ನನ್ನ ಮೇಜಿನ ಮೇಲಿಟ್ಟು ಹೋದ. ಬೀದಿಯ ಅಷ್ಟೂ ಮನೆಗಳಿಗೆ ಬಾವಿಯ ಕಲಂನಲ್ಲಿ ‘ಇಲ್ಲ’. ಒಂದೇ ಪೆನ್ನು, ಒಂದೇ ಓಟ. ನಾನು ಸಹಿ ಮಾಡಲಿಲ್ಲ. ಅವನಿಗೆ ಬೇಸರವಾಯಿತು. ವಿಭಾಗದ ಮುಖ್ಯಸ್ಥರಿಗೆ ಇನ್ನೂ ಹೆಚ್ಚು ಬೇಸರವಾಯಿತು, ಏಕೆಂದರೆ ಸಮೀಕ್ಷೆ ನೂರಕ್ಕೆ ನೂರು ಮುಗಿದಿದೆ ಎಂದು ಅವರು ಆಗಲೇ ಸಭೆಯಲ್ಲಿ ಸ್ಲೈಡ್ ತೋರಿಸಿಬಿಟ್ಟಿದ್ದರು. ನನ್ನ ಹಟಕ್ಕೆ ಕಾರಣವನ್ನು ಇಬ್ಬರಿಗೂ ಹೇಳಿದ್ದೇನೆ. ಇಬ್ಬರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಯಾವ ಮಾರ್ಗ, ಯಾವ ಗುತ್ತಿಗೆದಾರರು ಎಂಬ ವಿವರ ಬೇಡ. ಬೆಂಗಳೂರಿನ ಮೆಟ್ರೊ ಸುರಂಗ, ಹಳೆಯ ಬಡಾವಣೆ, ರಾತ್ರಿ ಪಾಳಿ, ಇಷ್ಟು ಸಾಕು.

ನಮ್ಮ ಮೆಟ್ರೊ ಎಂದರೆ ಊರಿನವರ ಕಣ್ಣಿಗೆ ಬೀಳುವುದು ಕಂಬಗಳು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ಮೊದಲ ರೈಲು ಇಡೀ ದಾರಿ ನೆಲದಿಂದ ಮೇಲೆಯೇ ಓಡಿತು. 2017ರ ಜೂನ್‌ನಲ್ಲಿ ಮುಗಿದ ಮೊದಲ ಹಂತದ 42.3 ಕಿ.ಮೀ.ಯಲ್ಲಿ ನೆಲದಡಿಯ ಭಾಗ ಸುಮಾರು 8.8 ಕಿ.ಮೀ. ಅಷ್ಟೇ. ಆದರೆ ಇಡೀ ಹಂತದ ಗಡುವುಗಳನ್ನು ಹಿಡಿದು ಎಳೆದದ್ದು ಆ ತುಂಡೇ. ಗೋದಾವರಿ ಎಂಬ ಟಿಬಿಎಂ (ಸುರಂಗ ಕೊರೆಯುವ ಯಂತ್ರ) ತಿಂಗಳುಗಟ್ಟಲೆ ನಿಂತುಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು. ಕೆಳಗಿನ ನೆಲಕ್ಕೆ ಒಂದು ಸ್ವಭಾವವೆಂಬುದಿಲ್ಲ. ಈ ರಿಂಗ್‌ನಲ್ಲಿ, ಅಂದರೆ ಸುರಂಗದ ಒಳಗೋಡೆಯ ಒಂದು ಕಾಂಕ್ರೀಟ್ ಬಳೆಯಷ್ಟು ದೂರದಲ್ಲಿ, ಮೆತ್ತನೆಯ ಮಣ್ಣು. ಮುಂದಿನ ರಿಂಗ್‌ನಲ್ಲಿ ಕೊರೆಯುವ ಮುಖದ ಅರ್ಧ ಮಣ್ಣು, ಇನ್ನರ್ಧ ಕಟರ್ ಡಿಸ್ಕುಗಳನ್ನು ತಿಂದುಹಾಕುವ ಗ್ರಾನೈಟ್. ಕಾಳೇನ ಅಗ್ರಹಾರ–ನಾಗವಾರದ ಗುಲಾಬಿ ಮಾರ್ಗ ಬಂದ ಮೇಲಂತೂ 13.76 ಕಿ.ಮೀ. ನೆಲದಡಿ ಕೊರೆಯುವ ಲೆಕ್ಕವಾಯಿತು, ಒಂಬತ್ತು ಯಂತ್ರಗಳು ಬಂದವು. ಬಂಡೆಯ ವಿಷಯ ಎಲ್ಲರಿಗೂ ಗೊತ್ತು, ಬೋರ್‌ಹೋಲ್ ಹಾಕಿ ನೋಡುತ್ತಾರೆ. ಬಾವಿಗೆ ಬೋರ್‌ಹೋಲ್ ಹಾಕಿ ನೋಡುವವರು ಯಾರು?

ಈ ಊರು ಬಾವಿಗಳನ್ನು ಕಂತು ಕಂತಾಗಿ ಮರೆತ ಊರು. 1896ರಲ್ಲಿ ಹೆಸರಘಟ್ಟದ ನೀರು ಬಂದಾಗ ಕೆಲವನ್ನು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂದಾಗ ಇನ್ನು ಕೆಲವನ್ನು, 1974ರಲ್ಲಿ ಕಾವೇರಿ ಬಂದ ಮೇಲೆ ಉಳಿದವನ್ನು. ಯಾರೂ ಬಾವಿಯನ್ನು ಕ್ರಮವಾಗಿ ತುಂಬಿಸಲಿಲ್ಲ. ಒಡೆದ ಹೆಂಚು, ಇಟ್ಟಿಗೆ ಚೂರು, ಹಳೆಯ ಹಾಸಿಗೆ ಎಲ್ಲವನ್ನೂ ಸುರಿದು, ಮೇಲೆ ಚಪ್ಪಡಿ ಎಳೆದು, ಅದರ ಮೇಲೆ ಬಚ್ಚಲನ್ನೋ ಬಟ್ಟೆ ಒಗೆಯುವ ಕಲ್ಲನ್ನೋ ಕೂರಿಸಿದರು. ನೀರಿನ ಕೊಳವೆಗೆ ನಕ್ಷೆ ಇದೆ, ಅದು ಸರಿಯೋ ತಪ್ಪೋ ಬೇರೆ ಮಾತು. ಮನೆಯೊಳಗಿನ ಬಾವಿಗೆ ನಕ್ಷೆಯೇ ಇಲ್ಲ. ಆದ್ದರಿಂದಲೇ ಬಿಸಿಎಸ್ ಫಾರಂನಲ್ಲಿ ಅದಕ್ಕೊಂದು ಕಲಂ: ಆರನೆಯ ಪುಟದಲ್ಲಿ, ಸುಣ್ಣಬಣ್ಣದ ಸ್ಥಿತಿಗೂ ಮಾಳಿಗೆಯ ಸೋರಿಕೆಗೂ ನಡುವೆ. ಅಲ್ಲಿಗೆ ಬರುವಷ್ಟರಲ್ಲಿ ಕೇಳುವವರಿಗೂ ಸಾಕಾಗಿರುತ್ತದೆ, ಉತ್ತರಿಸುವವರಿಗೂ ಸಾಕಾಗಿರುತ್ತದೆ.

ನಾನೂ ಒಮ್ಮೆ ಹೀಗೆಯೇ ‘ಇಲ್ಲ’ ಎಂದು ಬರೆದುಕೊಂಡ ಮನೆಯೊಂದಿದೆ. ಅಲ್ಲಿ ನಾನು ಕೇಳಿದ್ದು ಬಾಡಿಗೆಗಿದ್ದವರನ್ನು. ಒಳ್ಳೆಯವರು, ಕಾಫಿ ಕೊಟ್ಟರು, ಗೋಡೆಯ ಬಿರುಕುಗಳ ಫೋಟೊ ತೆಗೆಯಲು ಬೀರುವನ್ನೂ ಸರಿಸಿಕೊಟ್ಟರು. “ಬಾವಿ ಇದೆಯೇ?” “ಇಲ್ಲ ಸಾರ್.” ಅವರು ಸುಳ್ಳು ಹೇಳಲಿಲ್ಲ. ಆ ಮನೆಗೆ ಬಂದು ಅವರಿಗೆ ಎರಡು ಮಳೆಗಾಲವೂ ಆಗಿರಲಿಲ್ಲ. ಮಾಲೀಕರ ತಾಯಿ ರಾಜಾಜಿನಗರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಮಾತಿನ ನಡುವೆ ಹೇಳಿದರು. ನಾನು ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದೆ.

ಯಂತ್ರ ಆ ಮನೆಯ ಕೆಳಗೆ ಬಂದದ್ದು ನನ್ನ ಪಾಳಿಯಲ್ಲಿ. ರಾತ್ರಿ ಎರಡೂಕಾಲರ ಸುಮಾರಿಗೆ ಆಪರೇಟರ್ ಕರೆ ಮಾಡಿದರು. ಫೇಸ್ ಪ್ರೆಶರ್ (ಯಂತ್ರದ ಮುಂದಿನ ಮಣ್ಣನ್ನು ತಡೆದು ಹಿಡಿಯುವ ಒತ್ತಡ) 1.9 ಬಾರ್‌ನಿಂದ ಇಳಿಯುತ್ತಿದೆ, ಕಳಿಸಿದಷ್ಟು ಸ್ಲರಿ, ಅಂದರೆ ಬೆಂಟೊನೈಟ್ ಜೇಡಿಯ ಕೆಸರು, ಅದನ್ನು ಸೋಸುವ ಎಸ್‌ಟಿಪಿಗೆ ಹಿಂದಿರುಗುತ್ತಿಲ್ಲ, ಮೇಲೆ ಏನಾದರೂ ಕಾಣುತ್ತಿದೆಯೇ? ನಾನು ಪರದೆ ನೋಡಿದೆ. ಮನೆಗಳ ಚಲನೆ ಅಳೆಯಲು ಗೋಡೆಗೆ ಕೂರಿಸಿದ ಪ್ರಿಸಂಗಳೆಲ್ಲ ಹಸಿರು. ಸೆಟ್ಲ್‌ಮೆಂಟ್ (ಕುಸಿತ) ಎರಡು ಮಿಲಿಮೀಟರ್ ದಾಟಿರಲಿಲ್ಲ, ಅಲರ್ಟ್ ಮಟ್ಟವೇ ಎಷ್ಟೋ ದೂರವಿತ್ತು. ಮೇಲೆ ಎಲ್ಲ ಸರಿಯಿದೆ ಎಂದೆ.

“ಹಾಗಾದರೆ ಸ್ಲರಿ ಹೋಗುತ್ತಿರುವುದೆಲ್ಲಿಗೆ?”

ಇದಕ್ಕೆ ನಾನು ಕೊಟ್ಟ ಉತ್ತರ ಇವತ್ತಿಗೂ ಚುಚ್ಚುತ್ತದೆ. ಬೋರ್‌ಹೋಲ್ ಲಾಗ್ ತೆರೆದು, ಮಾರ್ಗದ ಆ ಜಾಗದಲ್ಲಿ ಬಂಡೆ ಬಿರುಕು ಬಿಟ್ಟಿದೆ, ನೆಲ ಸ್ವಲ್ಪ ಕುಡಿಯುತ್ತದೆ, ಬೆಂಟೊನೈಟ್ ಗಟ್ಟಿ ಮಾಡಿ ಮುಂದೆ ಹೋಗಿ ಎಂದು ಉಪನ್ಯಾಸವನ್ನೇ ಕೊಟ್ಟೆ. ನನ್ನ ಎರಡರಷ್ಟು ಅನುಭವವಿದ್ದ ಮನುಷ್ಯ ಅವರು. “ನೀವು ಹೇಳಿದರೆ ಸರಿ” ಎಂದು ಫೋನ್ ಇಟ್ಟರು. ಆ ಸ್ವರದಲ್ಲಿಯೇ ನನಗೆ ತಿಳಿಯಬೇಕಿತ್ತು. ನಮ್ಮ ಕ್ಯಾಬಿನ್‌ನಿಂದ ಆ ಬೀದಿಗೆ ನಡೆದರೆ ಐದು ನಿಮಿಷ. ನಾನು ಎದ್ದು ಹೋಗಲಿಲ್ಲ, ಚಹಾ ತರಿಸಿಕೊಂಡೆ. ಪರದೆಯನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಿದೆ, ಪ್ರತಿ ಸಲವೂ ಹಸಿರು, ಪ್ರತಿ ಹಸಿರಿಗೂ ಧೈರ್ಯ ಇನ್ನಷ್ಟು. ಆ ಪ್ರಿಸಂಗಳೆಲ್ಲ ಬೀದಿಯ ಕಡೆಯ ಗೋಡೆಯಲ್ಲಿದ್ದವು. ಹಿಂದಿನ ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಒಪ್ಪಿರಲಿಲ್ಲ, ನಾವೂ ಒತ್ತಾಯಿಸಿರಲಿಲ್ಲ. ಇಷ್ಟನ್ನೂ ಬಲ್ಲವನು ನಾನೇ. ಯಂತ್ರ ಇನ್ನರ್ಧ ರಿಂಗ್ ಮುಂದೆ ಹೋಯಿತು, ಪ್ರೆಶರ್ 1.4ಕ್ಕೆ ಇಳಿಯಿತು.

ಆಗ ಸಹಾಯವಾಣಿಯ ಮೊಬೈಲ್ ಹೊಡೆದುಕೊಂಡಿತು. ಬಾಡಿಗೆಯವರು. “ಸಾರ್, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಏನೋ ಉಕ್ಕುತ್ತಿದೆ. ಒಳಚರಂಡಿ ಕಟ್ಟಿಕೊಂಡಿದೆಯೇ ಎಂದು ನೋಡಿದೆವು, ವಾಸನೆಯೇ ಇಲ್ಲ.”

ಓಡುತ್ತಲೇ ಆಪರೇಟರ್‌ಗೆ ನಿಲ್ಲಿಸಲು ಹೇಳಿದೆ. ಅವರು ಆಗಲೇ ನಿಲ್ಲಿಸಿದ್ದರು, ನನ್ನನ್ನು ಕೇಳದೆ. ಹಿತ್ತಲಿಗೆ ಹೋದಾಗ ದೋಸೆ ಹಿಟ್ಟಿನಷ್ಟು ಮಂದವಾದ ಬೂದು ಸ್ಲರಿ ಚಪ್ಪಡಿಯ ಸಂದಿನಿಂದ ಮೇಲೆ ಬಂದು ಅಡುಗೆಮನೆಯ ಹೊಸ್ತಿಲು ಮುಟ್ಟಿತ್ತು. ಚಪ್ಪಡಿ ಕುಸಿದಿರಲಿಲ್ಲ. ಅದರ ಕೆಳಗೆ ಹಾಕಿದ್ದ ಕಸವೆಲ್ಲ ಎಷ್ಟು ಆಳಕ್ಕೆ ಇಳಿದುಹೋಗಿದೆಯೋ, ಆ ಚಪ್ಪಡಿ ಎಷ್ಟು ಹೊತ್ತು ತಡೆಯುತ್ತದೆಯೋ ಯಾರಿಗೂ ತಿಳಿಯದು. ಬಾಡಿಗೆ ಮನೆಯ ಹೆಂಗಸು ಬಕೆಟ್ ಹಿಡಿದು ಅದರ ಮೇಲೆಯೇ ನಿಂತಿದ್ದರು. “ಅಮ್ಮ, ಹಾಗೇ ಈಚೆ ಬನ್ನಿ, ಬಕೆಟ್ ಬಿಡಿ” ಎಂದೆ. ಬಕೆಟ್ ಬಿಡಲಿಲ್ಲ, ಆದರೆ ಬಂದರು.

ಯಾರಿಗೂ ಏನೂ ಆಗಲಿಲ್ಲ. ಅಕ್ಕಪಕ್ಕದವರನ್ನೂ ಸೇರಿಸಿ ಎಬ್ಬಿಸಿ ಲಾಡ್ಜ್‌ಗೆ ಕಳಿಸಿದೆವು, ಬೆಳಗಿನವರೆಗೆ ಬಾವಿಗೆ ಸಿಮೆಂಟ್–ಬೆಂಟೊನೈಟ್ ಗ್ರೌಟ್ ಸುರಿದೆವು. ಕುಡಿಯಿತು, ಕುಡಿಯಿತು, ಕೊನೆಗೆ ನಿಂತಿತು. ಎಂಟರ ಹೊತ್ತಿಗೆ ಮಾಲೀಕರ ತಾಯಿ ಆಟೊದಲ್ಲಿ ಬಂದಿಳಿದರು. ಕೆಸರು ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಕಾವೇರಿ ನಲ್ಲಿ ಹಾಕಿಸಿದ ವರ್ಷ ನಮ್ಮ ಮಾವನವರು ಮುಚ್ಚಿಸಿದ ಬಾವಿ ಇದು. ಪಕ್ಕದ ಮನೆಯಲ್ಲೂ ಒಂದಿದೆ, ದೇವರ ಮನೆಯ ಕೆಳಗೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲಪ್ಪ” ಎಂದರು. ಪಕ್ಕದ ಮನೆಯ ಫಾರಂನಲ್ಲೂ ನನ್ನದೇ ಅಕ್ಷರದಲ್ಲಿ ‘ಇಲ್ಲ’ ಇತ್ತು.

ಆಮೇಲಿನ ತನಿಖಾ ವರದಿ ಸೊಗಸಾಗಿತ್ತು. ಮೂಲ ಕಾರಣ: ‘ಅನಿರೀಕ್ಷಿತ ಭೂಸ್ಥಿತಿ’. ಒಂದು ಮುದುಕಿಗೆ ನಿರೀಕ್ಷಿತವಾಗಿದ್ದದ್ದು ನಮಗೆ ಅನಿರೀಕ್ಷಿತವಾಯಿತು ಎಂದು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ. ಪರಿಹಾರವಾಗಿ ಫಾರಂಗೆ ಇನ್ನಷ್ಟು ಕಲಂಗಳು, ಇನ್ನೊಂದು ಸಹಿ. ಬಾವಿಯ ಪ್ರಶ್ನೆ ಆರನೆಯ ಪುಟದಿಂದ ಎಂಟಕ್ಕೆ ಹೋಯಿತು. ಮನೆಯಲ್ಲಿ ಹೆಚ್ಚು ಕಾಲ ಇದ್ದವರು ಯಾರು, ಅವರು ಈಗ ಎಲ್ಲಿದ್ದಾರೆ ಎಂಬ ಪ್ರಶ್ನೆ ಮೊದಲ ಪುಟದಲ್ಲಿರಲಿ ಎಂದು ಬರೆದುಕೊಟ್ಟೆ. ಮಾದರಿ ಫಾರಂ ಬದಲಿಸುವ ಅಧಿಕಾರ ನಮ್ಮ ಕಚೇರಿಗೆ ಇಲ್ಲವಂತೆ. ಈಗ ಅದನ್ನು ಮೇಲಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಸುತ್ತೇನೆ. ಆ ಸಾಲು ಖಾಲಿಯಿದ್ದರೆ ಸಹಿ ಇಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದೆ. ತಲೆಮಾರುಗಳಿಂದ ಬಾವಿ ತೋಡುವ, ಹೂಳೆತ್ತುವ ಮಣ್ಣು ಒಡ್ಡರ ಹಿರಿಯರೊಬ್ಬರನ್ನು ಹುಡುಕಿ ಕರೆತಂದೆ. ಅವರು ಮುಂದಿನ ಬೀದಿಗಳಲ್ಲಿ ನನ್ನ ಜೊತೆ ನಡೆದು, ಇದು ನಮ್ಮಪ್ಪ ಇಳಿದದ್ದು, ಇದು ನಾನು ಇಳಿದದ್ದು, ಇದರಲ್ಲಿ ಕೆಳಗೆ ಬಂಡೆ ಸಿಕ್ಕಿ ಬಿಟ್ಟೆವು ಎಂದು ಕೈತೋರಿಸುತ್ತ ಹೋದರು. ಚಪ್ಪಡಿ ಎಬ್ಬಿಸಿ ನೋಡಿದಲ್ಲೆಲ್ಲ ಬಾವಿ ಇತ್ತು. ಅವರ ಕೂಲಿಗೆ ಲೆಕ್ಕವಿಭಾಗ ವೆಂಡರ್ ಕೋಡ್ ಕೇಳಿತು. ಅವರಲ್ಲಿದ್ದದ್ದು ಒಂದು ಆಧಾರ್ ಕಾರ್ಡ್, ಒಂದು ಹಗ್ಗ. ಕೊನೆಗೆ ಕೈಯಿಂದ ಕೊಟ್ಟು, ‘ಸ್ಥಳೀಯ ಸಾರಿಗೆ’ ಎಂದು ಬಿಲ್ ಹಾಕಿದೆ. ಮೊನ್ನೆ ಅದು ವಾಪಸ್ ಬಂದಿದೆ: ವಾಹನದ ನೋಂದಣಿ ಸಂಖ್ಯೆ ನಮೂದಿಸಿಲ್ಲ.