‘ಆರಾಮ ಅದೀನಿ’ ಅಂದಾಗ ನಾನು ಏನು ಬರೆದುಕೊಂಡೆ

ಹುಬ್ಬಳ್ಳಿಯ ಒಂದು ಹೃದಯ ಆಸ್ಪತ್ರೆಯಲ್ಲಿ ನಾನು ಸ್ಟಡಿ ಕೋಆರ್ಡಿನೇಟರ್. ಮೊದಲು ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಆದವರಿಗೆ ಆಮೇಲೆ ಏನೇನು ತೊಂದರೆ ಬರುತ್ತದೆ, ಅದನ್ನು ಹೇಗೆ ತಡೆಯಬಹುದು ಅಂತ ಡಾಕ್ಟರುಗಳು ಅಧ್ಯಯನ ಮಾಡುತ್ತಾರಲ್ಲ, ಅದರಲ್ಲಿ ರೋಗಿಗಳ ಜೊತೆ ಮಾತಾಡುವ ಕೆಲಸ ನನ್ನದು. ಒಪ್ಪಿಗೆ ತಗೊಳ್ಳುವುದು, ಫಾರ್ಮ್ ತುಂಬುವುದು, ಮನೆಗೆ ಹೋದವರಿಗೆ ಫೋನ್ ಮಾಡಿ ವಿಚಾರಿಸುವುದು. ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ನಾನು ‘ಫೋನಿನ ಅಕ್ಕಾರು’.

ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಇದೇ ಕೆಲಸಕ್ಕೆ ಹೊಸದಾಗಿ ಬರುವ ನರ್ಸ್‌ಗಳು ಓದಲಿ ಅಂತ ಬರೆಯುತ್ತಿದ್ದೇನೆ.

ಆಗ ನಮ್ಮಲ್ಲಿ ಗಾಯದ ಸೋಂಕಿನ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು. ಬೈಪಾಸ್ ಅಂದರೆ ಎಲ್ಲರ ಮನಸ್ಸಿಗೆ ಬರುವುದು ಎದೆ. ಆದರೆ ಬಹಳ ಜನರಿಗೆ ಕಾಲಲ್ಲೂ ಉದ್ದನೆಯ ಗಾಯ ಇರುತ್ತದೆ. ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುತ್ತಾರಲ್ಲ, ಅದರ ಗಾಯ. ಶುಗರ್ ಇರುವವರಿಗೆ, ಬೀಡಿ ಸೇದುವವರಿಗೆ ಇದು ಮಾಗುವುದು ನಿಧಾನ. ಸೋಂಕು ಆದರೂ ಆಸ್ಪತ್ರೆಯಲ್ಲಿ ಇರುವಾಗಲೇ ಗೊತ್ತಾಗುತ್ತದೆ ಅನ್ನುವ ಹಾಗಿಲ್ಲ. ಮನೆಗೆ ಹೋಗಿ ಒಂದು ವಾರ, ಹತ್ತು ದಿನ ಆದ ಮೇಲೆ ಕೀವು ಕಾಣಿಸಬಹುದು. ಅದಕ್ಕೇ ಮೇಲಿನ ಚರ್ಮದ ಸೋಂಕಿಗೆ 30 ದಿನ, ಎದೆಮೂಳೆಯ ತನಕ ಇಳಿಯುವ ಆಳದ ಸೋಂಕಿಗೆ 90 ದಿನ ರೋಗಿಯ ಮೇಲೆ ಕಣ್ಣಿಡಬೇಕು ಅಂತ ಲೆಕ್ಕ ಇದೆ. ಮೂವತ್ತನೇ ದಿನದ ಫೋನು ನನ್ನ ಪಾಲಿಗೆ ಬಂದಿದ್ದು ಹೀಗೆ.

ರೋಣದ ಕಡೆಯ ಒಬ್ಬ ಅಜ್ಜ ಇದ್ದರು. ಎರೆಹೊಲದಲ್ಲಿ ಕಡಲೆ, ಬಿಳಿಜೋಳ ಬೆಳೆಯುವವರು. ಶುಗರ್ ಇತ್ತು. ಎಡಗಾಲಿನಿಂದ ರಕ್ತನಾಳ ತೆಗೆದಿದ್ದರು. ಮೂವತ್ತನೇ ದಿನ ಮಗನ ನಂಬರಿಗೆ ಫೋನ್ ಮಾಡಿದೆ. ಅಜ್ಜನೇ ಎತ್ತಿದರು.

“ಅಜ್ಜಾರ, ಆರಾಮ ಅದೀರೇನ್ರಿ?”

“ಹೂಂ ಯವ್ವಾ, ಆರಾಮ ಅದೀನಿ. ನೀವೆಲ್ಲಾ ಆರಾಮ?”

“ಗಾಯ ಎಲ್ಲಾ ಮಾಗ್ಯಾವಲ್ಲ?”

“ಮಾಗ್ಯಾವ ಯವ್ವಾ.”

ಎರಡು ನಿಮಿಷವೂ ಆಗಲಿಲ್ಲ. ಫಾರ್ಮಿನಲ್ಲಿ ‘ಸೋಂಕು ಇಲ್ಲ’ ಅನ್ನುವ ಕಡೆ ಟಿಕ್ ಹಾಕಿ ಮುಂದಿನ ನಂಬರಿಗೆ ಹೋದೆ.

ಮೂರು ತಿಂಗಳಿಗೆ ಅಜ್ಜ ಚೆಕಪ್‌ಗೆ ಬಂದರು. ಇಸಿಜಿ ತೆಗೆಯಲು ಟೆಕ್ನಿಷಿಯನ್ ಧೋತರ ಸ್ವಲ್ಪ ಮೇಲೆ ಸರಿಸಿ ಕಾಲಿಗೆ ಕ್ಲಿಪ್ ಹಾಕಬೇಕಿತ್ತು. ಹಾಗೇ ನಿಂತು ನನ್ನನ್ನು ಕರೆದಳು. ಮೀನಗಂಡದ ಕೆಳಗೆ ಹೊಲಿಗೆಯ ಗೆರೆ ಸಣ್ಣಗಿರಲಿಲ್ಲ. ಎರಡು ಬೆರಳು ಅಗಲಕ್ಕೆ ಕಪ್ಪಗೆ, ಗುಳಿ ಬಿದ್ದು ಮಾಗಿತ್ತು. ಗಾಯ ಬಾಯಿ ಬಿಟ್ಟು, ಒಳಗಿನಿಂದ ನಿಧಾನಕ್ಕೆ ತುಂಬಿಕೊಂಡು ಬಂದರೆ ಮಾತ್ರ ಹಾಗಿರುತ್ತದೆ. ನರ್ಸ್ ಆಗಿದ್ದವಳಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ.

“ಇದೇನ್ರಿ ಅಜ್ಜಾರ?”

“ಅದಾ? ಮನೀಗೆ ಹೋಗಿ ಎಂಟ್ಹತ್ತು ದಿನಕ್ಕ ಕೀವು ಸೋರಾಕ ಹತ್ತಿತ್ತು. ನಮ್ಮೂರ ಡಾಕ್ಟರು ದಿನಾ ಡ್ರೆಸ್ಸಿಂಗ್ ಮಾಡಿದ್ರು, ಇಂಜಕ್ಷನ್ ಕೊಟ್ರು. ಹದಿನೈದು ದಿನಕ್ಕ ಕಡಿಮಿ ಆತು.”

“ನಾ ಫೋನ್ ಮಾಡಿದಾಗ ಯಾಕ ಹೇಳಲಿಲ್ರಿ?”

ಅಜ್ಜನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಮಾಗ್ಯಾವಲ್ಲ ಅಂತ ಕೇಳಿದಿ ಯವ್ವಾ. ನೀ ಕೇಳೂದ್ರಾಗ ಮಾಗಿತ್ತು. ಹಿಂದ ಏನಾಗಿತ್ತು ಅಂತ ನೀ ಕೇಳಲೇ ಇಲ್ಲ.” ಸ್ವಲ್ಪ ತಡೆದು ಮತ್ತೆ ಹೇಳಿದರು. “ನಿಮ್ಮ ಡಾಕ್ಟರು ಜೀವ ಉಳಿಸ್ಯಾರ. ಅವರ ಹೆಸರಿಗೆ ಯಾಕ ಕೆಡಕು ತರೂದು ಅಂತ ಸುಮ್ಮನಿದ್ದೆ.”

ಆ ದಿನ ಊಟ ಸೇರಲಿಲ್ಲ. ಅಜ್ಜ ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ‘ಆರಾಮ ಅದೀರೇನ್ರಿ’ ಅನ್ನುವುದು ನಮಸ್ಕಾರ ಇದ್ದ ಹಾಗೆ. ಮೈಯಲ್ಲಿ ಜ್ವರ ಇದ್ದರೂ ಅದಕ್ಕೆ ‘ಆರಾಮ’ ಅಂತಲೇ ಉತ್ತರ. ನಾನು ಹುಟ್ಟಿ ಬೆಳೆದಿದ್ದು ಧಾರವಾಡದಲ್ಲಿ. ಅದು ನನಗೆ ಗೊತ್ತಿರಬೇಕಿತ್ತು. ಎರಡನೇ ಪ್ರಶ್ನೆಯಂತೂ ಇನ್ನೂ ಕೆಟ್ಟದ್ದು. ‘ಮಾಗ್ಯಾವಲ್ಲ?’ ಅಂತ ಕೇಳಿದರೆ ಉತ್ತರವನ್ನು ನಾನೇ ಬಾಯಿಗೆ ಇಟ್ಟ ಹಾಗೆ.

ಆ ಹಳೆಯ ಟಿಕ್ ಅನ್ನು ಏನು ಮಾಡಬೇಕು? ವೈಟ್ನರ್ ಹಚ್ಚುವ ಹಾಗಿಲ್ಲ, ಹಾಳೆ ಬದಲಿಸುವ ಹಾಗಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಖು, ಯಾಕೆ ಬದಲಾಯಿತು ಅನ್ನುವ ಕಾರಣ ಹಾಕಬೇಕು. ಹಾಗೆ ಮಾಡಿ, ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. “ಇನ್ನೂ ಎಷ್ಟು ಜನ ಹೀಗಿರಬಹುದು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರಶ್ನೆಗಳ ಹಾಳೆಯನ್ನು ಮೊದಲಿನಿಂದ ಬರೆದೆವು. ಹಳೆಯ ಹಾಳೆಯಲ್ಲಿ ‘ಶಸ್ತ್ರಚಿಕಿತ್ಸಾ ಗಾಯದಿಂದ ಸ್ರಾವ ಕಂಡುಬಂದಿದೆಯೇ?’ ಅಂತ ಇತ್ತು. ನರಗುಂದದ ಒಬ್ಬ ತಾಯಿ ಇದಕ್ಕೆ ಏನು ಅರ್ಥ ಮಾಡಿಕೊಳ್ಳಬೇಕು ಹೇಳಿ. ಹೊಸದರಲ್ಲಿ ಹೀಗೆ ಬರೆದೆವು: ಮನೆಗೆ ಹೋದ ದಿನದಿಂದ ಇವತ್ತಿನ ತನಕ ಕಾಲಿನ ಹೊಲಿಗೆ ಒಳಗಿಂದ ನೀರು, ರಸಿಗೆ, ಕೀವು ಯಾವತ್ತಾದರೂ ಬಂದಿತ್ತಾ? ಎದೆ ಹೊಲಿಗೆಯಿಂದ? ಊರ ಡಾಕ್ಟರ್ ಹತ್ತಿರ ಹೋಗಿದ್ರಾ? ಗುಳಿಗೆ, ಇಂಜೆಕ್ಷನ್ ಕೊಟ್ಟರಾ? ಆ ಚೀಟಿ ಇದೆಯಾ? ಅರಿಷಿಣ, ಎಣ್ಣೆ, ಏನಾದರೂ ಹಚ್ಚಿದ್ರಾ? ಕೊನೆಗೆ, ಈಗ ಕಾಲು ನೋಡಿಕೊಂಡು ಹೇಳ್ತೀರಾ?

ಫಾರ್ಮಿನ ಮಾತು ನಮ್ಮ ಮನಸ್ಸಿಗೆ ಬಂದ ಹಾಗೆ ಬದಲಿಸಲು ಬರುವುದಿಲ್ಲ. ಅಧ್ಯಯನದಲ್ಲಿರುವ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೆ ಕಳಿಸಿ ಒಪ್ಪಿಗೆ ಪಡೆದೆವು. ಆಮೇಲೆ ಆಗಲೇ ಮಾತಾಡಿಸಿದ್ದ ಎಲ್ಲರಿಗೂ ಮತ್ತೆ ಫೋನ್ ಮಾಡಿದೆ. ‘ಎಲ್ಲರಿಗೂ’ ಅನ್ನುವುದು ಮುಖ್ಯ. ಎರಡು ಗುಂಪು ಮಾಡಿ, ಒಂದಕ್ಕೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಚಿಕಿತ್ಸೆ ಕೊಡುವ ಟ್ರಯಲ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಒಂದು ಗುಂಪಿನವರನ್ನು ಕೆದಕಿ ಕೇಳಿ, ಇನ್ನೊಂದು ಗುಂಪಿನವರನ್ನು ‘ಆರಾಮ ಅದೀರಾ’ ಅಂತ ಕೇಳಿದರೆ ತಕ್ಕಡಿ ಅಲ್ಲೇ ವಾಲುತ್ತದೆ. ಕೇಳುವವರಿಗೆ ರೋಗಿ ಯಾವ ಗುಂಪು ಅಂತ ಗೊತ್ತಿರದಿದ್ದರೆ ಒಳ್ಳೆಯದು ಅನ್ನುವುದು ಅದಕ್ಕೇ.

ಮುಂದಿನ ತಿಂಗಳ ಲೆಕ್ಕದಲ್ಲಿ ಕಾಲಿನ ಸೋಂಕು ಜಾಸ್ತಿ ಕಂಡಿತು. ಮೀಟಿಂಗ್‌ನಲ್ಲಿ ಒಬ್ಬರು ಗಾಬರಿಯಾದರು. ಡ್ರೆಸ್ಸಿಂಗ್ ಕೆಟ್ಟಿತಾ, ಆಪರೇಷನ್ ಥಿಯೇಟರ್‌ನಲ್ಲಿ ಏನಾದರೂ ತಪ್ಪಾಯಿತಾ ಅಂತ. ಅಂಥದ್ದೇನೂ ಸಿಗಲಿಲ್ಲ. ಸೋಂಕು ಮೊದಲೂ ಇತ್ತು, ನಮ್ಮ ಪುಸ್ತಕದಲ್ಲಿ ಇರಲಿಲ್ಲ ಅಷ್ಟೇ. ಕಂಡ ಮೇಲೆ ಕೆಲಸ ಮಾಡಲು ದಾರಿ ಸಿಕ್ಕಿತು. ಆಪರೇಷನ್‌ಗೆ ಮುಂಚೆ ಕೆಲವರು ಮನೆಯಲ್ಲೇ ಬ್ಲೇಡಿನಿಂದ ಎದೆ, ಕಾಲು ಬೋಳಿಸಿಕೊಂಡು ಬರುತ್ತಿದ್ದರು. ನಮಗೆ ಅನುಕೂಲ ಆಗಲಿ ಅಂತ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯ ಮಾಡುತ್ತದೆ, ಸೋಂಕಿಗೆ ಅದೇ ಬಾಗಿಲು. ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್‌ನಿಂದ ತೆಗೆಯಬೇಕು. ಈಗ ಅಡ್ಮಿಷನ್ ತಾರೀಖು ಕೊಡುವಾಗಲೇ ‘ಬ್ಲೇಡ್ ಹಚ್ಚಬ್ಯಾಡ್ರಿ’ ಅಂತ ಹೇಳುತ್ತೇವೆ. ಕಾಲು ಇಳಿಬಿಟ್ಟುಕೊಂಡು ತಾಸುಗಟ್ಟಲೆ ಬಸ್ಸಿನಲ್ಲಿ ಕೂತು ಹೋಗುವುದು, ಕಾಲಿಗೆ ಹಾಕಿಕೊಳ್ಳಬೇಕಾದ ಬಿಗಿ ಸ್ಟಾಕಿಂಗ್ಸ್ ಅನ್ನು ಬೇಸಿಗೆಯಲ್ಲಿ ಸೆಕೆ ಅಂತ ತೆಗೆದಿಡುವುದು, ಇವೆಲ್ಲ ಫೋನಿನಲ್ಲೇ ಗೊತ್ತಾಗಿದ್ದು.

ಶುಗರ್ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಕೆಲಸ ಇದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಹೃದಯದ ಆಪರೇಷನ್ ಆದ 2,467 ಶುಗರ್ ರೋಗಿಗಳ ಲೆಕ್ಕ 1999ರಲ್ಲಿ ಪ್ರಕಟವಾಯಿತು. ಮೊದಲು ಆಗಾಗ ಚರ್ಮದ ಕೆಳಗೆ ಇನ್ಸುಲಿನ್ ಕೊಡುತ್ತಿದ್ದರು. ಆಮೇಲೆ ನರಕ್ಕೆ ಸತತವಾಗಿ ಡ್ರಿಪ್‌ನಲ್ಲಿ ಕೊಟ್ಟು ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟರು. ಎದೆಮೂಳೆಯ ಆಳದ ಸೋಂಕು ನೂರಕ್ಕೆ 2.0ರಿಂದ 0.8ಕ್ಕೆ ಇಳಿಯಿತು. ಚೀಟಿ ಎತ್ತಿ ಗುಂಪು ಮಾಡಿದ ಟ್ರಯಲ್ ಅಲ್ಲ ಅದು. ಮೊದಲಿನವರನ್ನೂ ಆಮೇಲಿನವರನ್ನೂ ಹೋಲಿಸಿದ್ದು. ವರ್ಷಗಟ್ಟಲೆ ಪ್ರತಿ ರೋಗಿಯ ಬಗ್ಗೆ ಬರೆದಿಟ್ಟಿದ್ದಕ್ಕೇ ಅದು ಸಾಧ್ಯವಾಯಿತು.

ಐಸಿಯುನಲ್ಲಿದ್ದಾಗ ನಾವು ನಂಬಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಹೀಗೆ ಲೆಕ್ಕ ಹಾಕಿ ನೋಡಿದ್ದಾರೆ. ಬೈಪಾಸ್ ಆದ ಎರಡು ಮೂರನೇ ದಿನ ಬಹಳ ಜನರ ಹೃದಯದ ಬಡಿತ ತಾಳ ತಪ್ಪುತ್ತದೆ. ಏಟ್ರಿಯಲ್ ಫಿಬ್ರಿಲೇಷನ್, ನಾವು ಎಎಫ್ ಅನ್ನುತ್ತೇವೆ. ಅದು ಬರಬಾರದು ಅಂತ ರಕ್ತದಲ್ಲಿನ ಪೊಟ್ಯಾಸಿಯಂ 4.5ಕ್ಕಿಂತ ಕೆಳಗೆ ಇಳಿಯದಂತೆ ರಾತ್ರಿಯೆಲ್ಲಾ ಕಾಯುತ್ತಿದ್ದೆವು. ಬ್ರಿಟನ್ ಮತ್ತು ಜರ್ಮನಿಯ 23 ಆಸ್ಪತ್ರೆಗಳಲ್ಲಿ 1,690 ಬೈಪಾಸ್ ರೋಗಿಗಳ ಮೇಲೆ ನಡೆದ ಟೈಟ್-ಕೆ ಟ್ರಯಲ್‌ನ ಫಲಿತಾಂಶ 2024ರಲ್ಲಿ ಬಂತು. 3.6ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಕೊಟ್ಟರೂ ಎಎಫ್ ಬರುವ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ ಇತ್ತು. ಆ ಕಹಿ ಪೊಟ್ಯಾಸಿಯಂ ಸಿರಪ್ ಕುಡಿಯಲಾರದೆ ಮುಖ ಹಿಂಡುತ್ತಿದ್ದ ಎಷ್ಟೋ ಜನ ನನಗೆ ನೆನಪಾದರು.

ಆದರೆ ನನ್ನ ಫೋನಿನ ಕೆಲಸಕ್ಕೆ ಬೆಲೆ ಇದೆ ಅಂತ ನನಗೆ ತೋರಿಸಿದ್ದು 2021ರಲ್ಲಿ ಬಂದ ಲಾವೋಸ್-3 (LAAOS III) ಅನ್ನುವ ಟ್ರಯಲ್. ಮೊದಲೇ ಎಎಫ್ ಇದ್ದು, ಬೇರೆ ಕಾರಣಕ್ಕೆ ಹೃದಯದ ಆಪರೇಷನ್ ಆಗುವವರಲ್ಲಿ ಎಡ ಹೃತ್ಕರ್ಣದ, ಅಂದರೆ ಹೃದಯದ ಮೇಲಿನ ಎಡ ಕೋಣೆಯ, ಒಂದು ಸಣ್ಣ ಚೀಲವನ್ನು ಅದೇ ಹೊತ್ತಿಗೆ ಮುಚ್ಚಿದರೆ ಪಾರ್ಶ್ವವಾಯು ಕಡಿಮೆ ಆಗುತ್ತದಾ ಅನ್ನುವುದು ಪ್ರಶ್ನೆ. ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಆ ಚೀಲದಲ್ಲೇ. 27 ದೇಶಗಳ 4,770 ರೋಗಿಗಳ ಲೆಕ್ಕ ಅದು. ಮುಚ್ಚಿದವರಲ್ಲಿ ನೂರಕ್ಕೆ 4.8, ಮುಚ್ಚದವರಲ್ಲಿ ನೂರಕ್ಕೆ 7.0 ಮಂದಿಗೆ ಪಾರ್ಶ್ವವಾಯು ಅಥವಾ ಹೆಪ್ಪುಗಟ್ಟಿದ ರಕ್ತದ ತೊಂದರೆ ಆಯಿತು. ಸರಾಸರಿ 3.8 ವರ್ಷ ಅವರ ಬೆನ್ನು ಬಿಡದೆ ವಿಚಾರಿಸಿದ್ದರು. ಮೊದಲ 30 ದಿನ ಎರಡೂ ಗುಂಪಿನ ನಡುವೆ ಅಷ್ಟೇನೂ ವ್ಯತ್ಯಾಸ ಇರಲಿಲ್ಲ. ಅಂತರ ಬೆಳೆದದ್ದು ಆಮೇಲೆ. ಡಿಸ್ಚಾರ್ಜ್ ದಿನವೇ ಕಡತ ಮುಚ್ಚಿದ್ದರೆ ಈ ಮಾತು ಜಗತ್ತಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲೋ ಯಾರೋ ನನ್ನಂಥವರು ಫೋನ್ ಮಾಡಿ, ಸರಿಯಾಗಿ ಕೇಳಿ, ಸರಿಯಾಗಿ ಬರೆದಿದ್ದಾರೆ.

ಸರಿಯಾಗಿ ಕೇಳಬೇಕಾದರೆ ಮೊದಲು ಸಿಗಬೇಕಲ್ಲ. ನಂಬರು ಮಗನದ್ದು, ಮಗ ಗೋವಾಕ್ಕೆ ದುಡಿಯಲು ಹೋಗಿರುತ್ತಾನೆ. ಅಥವಾ ರಿಚಾರ್ಜ್ ಮುಗಿದಿರುತ್ತದೆ. ಬ್ಯಾಡಗಿ ಕಡೆಯವರು ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಹಗಲು ಸಿಗುವುದೇ ಇಲ್ಲ, ಸಂಜೆ ಏಳರ ಮೇಲೆ ಮಾಡಬೇಕು. ಈಗ ರೋಗಿಯನ್ನೇ ಕೇಳಿ ಮೂರು ನಂಬರ್ ಬರೆದುಕೊಳ್ಳುತ್ತೇನೆ. ಅದರಲ್ಲಿ ಒಂದು ಮನೆಯ ಹೆಣ್ಣುಮಕ್ಕಳದ್ದು ಇರಲಿ ಅನ್ನುತ್ತೇನೆ. ಗಾಯ ತೊಳೆಯುವವರು, ಗುಳಿಗೆ ಕೊಡುವವರು ಅವರೇ. ಬೇರೆ ಯಾರಾದರೂ ಎತ್ತಿದರೆ ‘ಆಸ್ಪತ್ರೆಯಿಂದ’ ಅಂತಷ್ಟೇ ಹೇಳುತ್ತೇನೆ. ಏನು ಆಪರೇಷನ್ ಅಂತ ಅವರಿಗೆ ಹೇಳುವ ಹಕ್ಕು ನನಗಿಲ್ಲ. ಫೋನ್ ಸಿಗದವರನ್ನು ‘ತೊಂದರೆ ಇಲ್ಲ’ ಅಂತ ಬರೆಯುವುದಿಲ್ಲ, ‘ಗೊತ್ತಿಲ್ಲ’ ಅಂತ ಬರೆಯುತ್ತೇನೆ. ಯಾಕೆಂದರೆ ಸಿಗದವರೇ ತುಂಬಾ ಕಷ್ಟದಲ್ಲಿರಬಹುದು.

ಅಜ್ಜನ ಎರಡನೇ ಮಾತು, ಡಾಕ್ಟರ ಹೆಸರು ಕೆಡುತ್ತದೆ ಅಂದದ್ದು, ನನ್ನನ್ನು ಬಹಳ ದಿನ ಕಾಡಿತು. ಅದಕ್ಕೆ ಮದ್ದು ಮೂವತ್ತನೇ ದಿನ ಇಲ್ಲ, ಒಪ್ಪಿಗೆ ತಗೊಳ್ಳುವ ದಿನವೇ ಇದೆ. “ನಮ್ಮ ಮ್ಯಾಲೆ ಪ್ರಯೋಗ ಮಾಡ್ತೀರೇನ್ರಿ?” ಅಂತ ಮನೆಯವರು ಕೇಳುತ್ತಾರೆ. ಕೇಳಲೇಬೇಕು. ಅದಕ್ಕೆ ಅವಸರ ಮಾಡಬಾರದು. ಏನು ಮಾಡುತ್ತೇವೆ, ಏನು ಅಪಾಯ ಇರಬಹುದು, ಬೇಡ ಅಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗುವುದಿಲ್ಲ, ನಡುವೆ ಬಿಟ್ಟು ಹೋಗಬಹುದು, ಇಷ್ಟನ್ನೂ ಅವರ ಮಾತಿನಲ್ಲೇ ಹೇಳಬೇಕು. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಕೂತಿರಬೇಕು, ಆಮೇಲೆ ಹೆಬ್ಬೆಟ್ಟು. ಟ್ರಯಲ್ ಆದರೆ 2009ರ ಜೂನ್ 15ರಿಂದ ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಆ ನಂಬರನ್ನೂ ಕೇಳಿದವರಿಗೆ ತೋರಿಸುತ್ತೇನೆ. ಈಗ ಇದರ ಜೊತೆ ಒಂದು ಮಾತು ಸೇರಿಸಿದ್ದೇನೆ: “ಮನೀಗೆ ಹೋದ ಮ್ಯಾಲೆ ತ್ರಾಸ ಆದ್ರ ನಮಗ ಹೇಳ್ರಿ. ಯಾರಿಗೂ ಬೈಗಳ ಬರಂಗಿಲ್ಲ. ನೀವು ಹೇಳಿದ್ರ ಮುಂದಿನವರಿಗೆ ಅದು ಆಗದಂಗ ನೋಡ್ಕೋತೀವಿ.” ಈ ಮಾತು ಹೇಳುವಾಗ ಕೆಲವರು ಮೊದಲ ಸಲ ನನ್ನ ಮುಖ ನೋಡುತ್ತಾರೆ.

ಫೋನ್ ಕೂಡ ಈಗ ಮೂವತ್ತನೇ ದಿನ ಮಾತ್ರ ಮಾಡುವುದಿಲ್ಲ. ಏಳು, ಹದಿನಾಲ್ಕು, ಮೂವತ್ತು, ತೊಂಬತ್ತು. ಕೀವು ಬಂದು ಮಾಗಿದ ಮೇಲೆ ಗೊತ್ತಾದರೆ ನಮ್ಮ ಲೆಕ್ಕ ಸರಿಯಾಗಬಹುದು, ಆದರೆ ಆ ರೋಗಿಗೆ ಏನು ಉಪಯೋಗ?

ಮೊನ್ನೆ ಮಂಗಳವಾರ ಶಿಗ್ಗಾವಿ ಕಡೆಯ ಒಬ್ಬ ತಾಯಿಗೆ ಹದಿನಾಲ್ಕನೇ ದಿನದ ಫೋನ್ ಮಾಡಿದೆ. ನೀರು, ರಸಿಗೆ, ಕೀವು ಎಲ್ಲಾ ಕೇಳಿದೆ. “ಏನಿಲ್ಲ ಯವ್ವಾ, ಆರಾಮ ಅದೀನಿ” ಅಂದರು. “ಅಮ್ಮಾರ, ಒಂದೀಟು ಸೀರಿ ಸರಿಸಿ ಕಾಲು ನೋಡ್ಕೊಂಡು ಹೇಳ್ತೀರೇನ್ರಿ?” ಅಂದೆ.

“ತಡಿ ಯವ್ವಾ, ಚಾಳೀಸ ಹಾಕ್ಕೊಂಡು ನೋಡ್ತೀನಿ.”

ಫೋನ್ ಕೆಳಗಿಟ್ಟ ಸದ್ದು ಬಂತು. ಯಾರನ್ನೋ ಕೂಗಿ ಚಾಳೀಸು ಕೇಳಿದರು. ಬಾಗಿಲು ತೆಗೆದರು, ಬೆಳಕಿಗೆ ಅಂತ ಕಾಣುತ್ತದೆ. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ.

“ಯವ್ವಾ, ಕೇಳಾಕ ಹತ್ತೀ? ಹಿಮ್ಮಡಿ ಹತ್ರದ ಹೊಲಿಗಿ ಕೆಂಪಗ ಆಗೇತಿ ನೋಡು. ಮುಟ್ಟಿದ್ರ ಬಿಸಿ ಅದ.”

“ನಾಳೆ ಮುಂಜಾನೆ ಮೊದಲ ಬಸ್ಸಿಗೇ ಬರ್ರಿ ಅಮ್ಮಾರ. ನಾನೇ ಗೇಟಿನ ಹತ್ರ ನಿಂತಿರ್ತೀನಿ” ಅಂದೆ.