ಮೌನಕ್ಕಾಗಿ ದುರ್ಗಕ್ಕೆ ಹೋಗುವವರಿಗೆ: ಚಂದ್ರವಳ್ಳಿ, ಕೋಟೆ, ಬ್ರಹ್ಮಗಿರಿ, ನಾಯಕನಹಟ್ಟಿ

ಚಿತ್ರದುರ್ಗಕ್ಕೆ ಬರುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಮಧ್ಯಾಹ್ನ ಚಂದ್ರವಳ್ಳಿ ಮುಗಿಸಿ ಸಂಜೆ ಬಸ್ಸು ಹಿಡಿಯುತ್ತಾರೆ. ಅದಕ್ಕೆ ಒಂದು ದಿನ ಸಾಕು. ಅದೇ ಬಂಡೆಗಳ ನಡುವೆ ಸುಮ್ಮನೆ ಕೂತು, ‘ನಾನು’ ಅಂತ ದಿನಕ್ಕೆ ನೂರು ಸಲ ಹೇಳುತ್ತೇವಲ್ಲ, ಅದು ಯಾವುದು ಎಂದು ನೋಡಿಕೊಳ್ಳಬೇಕೆಂದು ಹೊರಟವರಿಗೆ ಮೂರು ಹಗಲು, ಎರಡು ರಾತ್ರಿ ಬೇಕು. ಜಾಗಗಳು ಮಾತ್ರ ನಾಲ್ಕೇ ಇರಲಿ. ಜೋಗಿಮಟ್ಟಿಯೂ ಇರಲಿ, ವಾಣಿವಿಲಾಸ ಸಾಗರವೂ ಇರಲಿ ಎಂದು ಸೇರಿಸುತ್ತ ಹೋದರೆ ದಿನವೆಲ್ಲ ದಾರಿಯಲ್ಲೇ ಕಳೆದು, ಕೂರುವುದಕ್ಕೇ ಹೊತ್ತು ಸಿಗುವುದಿಲ್ಲ.

ಬೆಂಗಳೂರಿನಿಂದ ದುರ್ಗ ಸುಮಾರು 200 ಕಿ.ಮೀ., ದಾವಣಗೆರೆಯಿಂದ ಸುಮಾರು 60. ಎರಡೂ ಕಡೆಯಿಂದ ಹೆದ್ದಾರಿ 48. ರೈಲಿನಲ್ಲಿ ಬರುವವರು ಒಂದು ವಿಷಯ ಗಮನಿಸಬೇಕು: ದುರ್ಗದ ನಿಲ್ದಾಣ ಇರುವುದು ಚಿಕ್ಕಜಾಜೂರು–ರಾಯದುರ್ಗ ಕವಲು ಮಾರ್ಗದಲ್ಲಿ, ಅಲ್ಲಿಗೆ ಗಾಡಿಗಳು ಕಡಿಮೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ದಾವಣಗೆರೆಗೆ ಬಂದಿಳಿದು ಬಸ್ಸು ಹಿಡಿಯುವುದೇ ಸಲೀಸು. ದಾವಣಗೆರೆಯಲ್ಲಿ ಇಳಿದ ಮೇಲೆ ಬೆಣ್ಣೆ ದೋಸೆ ತಿನ್ನದೆ ಹೋಗಲಾಗದು ಅನ್ನುವವರು ತಿನ್ನಲಿ, ಆದರೆ ಆಮೇಲೆ ಎರಡು ಗಂಟೆ ಧ್ಯಾನಕ್ಕೆ ಕೂರಬೇಡಿ. ಬೆಣ್ಣೆ ಹೊಟ್ಟೆಯಲ್ಲಿರುವಾಗ ಕಣ್ಣು ಮುಚ್ಚಿದರೆ ಬರುವುದು ನಿದ್ದೆ. ಅದನ್ನೇ ಶಾಂತಿ ಎಂದು ತಿಳಿಯುವ ತಪ್ಪು ಬಹಳ ಜನರಿಂದ ಆಗುತ್ತದೆ. ಉಳಿಯುವುದಕ್ಕೆ ಕೋಟೆಗೆ ಹತ್ತಿರದಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ದುರ್ಗ ಇದೆ. ಪೇಟೆಯೊಳಗೂ ವಸತಿಗೃಹಗಳಿಗೆ ಕೊರತೆಯಿಲ್ಲ, ಆದರೆ ಬಸ್ ನಿಲ್ದಾಣದ ಮಗ್ಗುಲಿನ ಕೋಣೆ ಬೇಡ. ರಾತ್ರಿಯಿಡೀ ಹಾರನ್ನು ಕೇಳಿದವರು ಮುಂಜಾನೆ ಏಳುವುದಿಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಬೆಳಿಗ್ಗೆ ಹತ್ತಕ್ಕೇ ಕಾದು, ಸೂರ್ಯ ಮುಳುಗಿದ ಮೇಲೂ ಬಿಸಿ ಬಿಡುತ್ತಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಿಂತ ಗಾಳಿಯ ಕಾಟವೇ ಹೆಚ್ಚು. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ತಲೆಗೆ ಟವೆಲ್ಲು, ಒಳ್ಳೆಯ ಬ್ಯಾಟರಿ, ದಪ್ಪನೆಯ ಹತ್ತಿ ಹೊದಿಕೆ ಒಂದು, ಒಂದು ಜೊತೆ ಹಳೆಯ ಕಾಲುಚೀಲ ಜೊತೆಗಿರಲಿ. ಕಾಲುಚೀಲ ಯಾಕೆಂದರೆ, ಗುಡಿಗಳ ಮುಂದೆ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅಂಗಾಲು ಸುಡುತ್ತದೆ.

ಹೊರಡುವ ಮೊದಲು ಮನೆಯಲ್ಲೇ ಹತ್ತು ದಿನ ಕೂತು ಅಭ್ಯಾಸ ಮಾಡಿಕೊಳ್ಳಿ. ಈ ಪ್ರವಾಸ ಕೆಡುವುದು ಹೆಚ್ಚಾಗಿ ಇದನ್ನು ಬಿಟ್ಟವರಿಗೆ. ಹೊದಿಕೆಯನ್ನು ನಾಲ್ಕು ಬೆರಳು ದಪ್ಪ ಬರುವಂತೆ ಮಡಚಿ, ಅದರ ಅಂಚಿಗೆ ಕೂತು, ಮೊಣಕಾಲು ಸೊಂಟಕ್ಕಿಂತ ತುಸು ಕೆಳಗೆ ಬರುವಂತೆ ನೋಡಿಕೊಳ್ಳಿ. ಮೊಣಕಾಲು ಮೇಲಿದ್ದರೆ ಬೆನ್ನು ಗೂನಾಗುತ್ತದೆ, ಹತ್ತು ನಿಮಿಷದಲ್ಲಿ ಸೊಂಟ ನೋಯುತ್ತದೆ, ಆಮೇಲೆ ಗಮನವೆಲ್ಲ ಸೊಂಟದ ಮೇಲೆಯೇ. ಮೊದಲ ಐದು ನಿಮಿಷ ಹೊರಹೋಗುವ ಉಸಿರನ್ನು ಮಾತ್ರ ಒಂದರಿಂದ ಹತ್ತರವರೆಗೆ ಎಣಿಸಿ. ತಪ್ಪಿದರೆ ಬೇಸರವಿಲ್ಲದೆ ಮತ್ತೆ ಒಂದರಿಂದ. ಎಣಿಕೆ ನಿಂತ ಮೇಲೆ ವಿಚಾರಕ್ಕೆ ಬನ್ನಿ.

ವಿಚಾರ ಎಂದರೆ ಯೋಚನೆ ಮಾಡುವುದು ಎಂದುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. 1896ರಲ್ಲಿ ಹುಡುಗನಾಗಿ ತಿರುವಣ್ಣಾಮಲೈಗೆ ಬಂದು, ಮುಂದೆ ವಿರೂಪಾಕ್ಷ ಗುಹೆಯಲ್ಲಿ ವರ್ಷಗಟ್ಟಲೆ ಇದ್ದ ರಮಣ ಮಹರ್ಷಿಗಳು ಹೇಳಿಕೊಟ್ಟ ಕ್ರಮ ಸರಳ. ಯಾವುದೇ ಆಲೋಚನೆ ಬಂದರೂ ಅದರ ಬೆನ್ನು ಹತ್ತದೆ, ‘ಇದು ಯಾರಿಗೆ ಬಂತು’ ಎಂದು ಕೇಳಿಕೊಳ್ಳಬೇಕು. ‘ನನಗೆ’ ಎಂಬ ಉತ್ತರ ಬರುತ್ತದೆ. ಆ ‘ನಾನು’ ಎಲ್ಲಿಂದ ಏಳುತ್ತಿದೆ ಎಂದು ಅತ್ತಲೇ ಗಮನ ತಿರುಗಿಸಬೇಕು. ನಾನು ದೇಹವಲ್ಲ, ನಾನು ಮನಸ್ಸಲ್ಲ ಎಂದು ಪಾಠ ಒಪ್ಪಿಸುವುದಲ್ಲ. ಉತ್ತರವನ್ನು ಮಾತಿನಲ್ಲಿ ಕಟ್ಟಿಕೊಂಡ ಕೂಡಲೇ ಹುಡುಕಾಟ ನಿಂತುಹೋಗುತ್ತದೆ. ಪ್ರಶ್ನೆಯನ್ನು ಜಪದಂತೆ ಸತತವಾಗಿ ಹೇಳುವುದೂ ಬೇಡ. ಗಮನ ಹೊರಗೆ ಜಾರಿದಾಗ ಒಮ್ಮೆ ಕೇಳಿದರೆ ಸಾಕು.

ಲಿಂಗದೀಕ್ಷೆ ಆದವರಿಗೆ ದಾರಿ ಬೇರೆ, ಊರು ಒಂದೇ. ಶರಣರ ಮಾತಿನಲ್ಲಿ ಇಷ್ಟಲಿಂಗ ಕುರುಹು, ತಲುಪಬೇಕಾದದ್ದು ಅರಿವು. ಎಡಗೈ ಅಂಗೈಯಲ್ಲಿ ಲಿಂಗವನ್ನಿಟ್ಟು, ಬಲಗೈ ಕೆಳಗೆ ಆಸರೆ ಕೊಟ್ಟು, ಅರೆಗಣ್ಣಿನಲ್ಲಿ ದೃಷ್ಟಿ ನಿಲ್ಲಿಸಬೇಕು. ದೀಪ ಪಕ್ಕದಲ್ಲಿದ್ದರೆ ಲಿಂಗದ ಕಪ್ಪು ಮೈಮೇಲೆ ಬೆಳಕಿನ ಚುಕ್ಕೆಯೊಂದು ಕಾಣುತ್ತದೆ, ನೋಟಕ್ಕೆ ಅದೇ ನೆಲೆ. ಕಣ್ಣು ಮಿಟುಕಿಸಬಾರದೆಂಬ ಹಟ ಬೇಡ, ಹಟ ಮಾಡಿದರೆ ಕಣ್ಣುರಿ, ತಲೆನೋವು. ಮೊದಮೊದಲು ಹತ್ತು ನಿಮಿಷ ಸಾಕು. ಇದನ್ನು ಕೋಣೆಯಲ್ಲೇ ಮಾಡಿ. ಕೋಟೆಯ ಮೇಲೆ ಗಾಳಿಗೆ ದೀಪ ನಿಲ್ಲುವುದಿಲ್ಲ.

ಮೊದಲ ದಿನ ಮಧ್ಯಾಹ್ನ ಮೂರೂವರೆಗೆ ಚಂದ್ರವಳ್ಳಿಗೆ ಹೋಗಿ. ಊರಿಗೆ ಅಂಟಿಕೊಂಡೇ ಇರುವ ಕಣಿವೆ, ಸುತ್ತ ಬಂಡೆಗುಡ್ಡ, ನಡುವೆ ಕೆರೆ. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ಕೆರೆ ಕಟ್ಟಿಸಿದ ಸಂಗತಿ ಅದರದ್ದು. ಇಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಸಿಕ್ಕಿವೆ. ನೀವು ಮುಖ್ಯವಾಗಿ ನೋಡಬೇಕಾದದ್ದು ಅಂಕಲಿ ಮಠದ ಗುಹೆ.

ಗುಹೆ ಎಂದರೆ ಒಂದು ಪೊಟರೆಯಲ್ಲ. ಬಗ್ಗಿ ಒಳಗೆ ಹೋಗಿ ಮೆಟ್ಟಿಲಿಳಿದರೆ ಒಂದರೊಳಗೊಂದು ಕೋಣೆ: ಪೂಜೆಗೊಂದು, ಮಲಗುವುದಕ್ಕೊಂದು ಎಂದು ತೋರಿಸುವವರು ಹೇಳುತ್ತಾರೆ. ಗೋಡೆಗೆ ಗಾರೆ, ಅಲ್ಲಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ. ದಾರಿ ಗೊತ್ತಿರುವ ಸ್ಥಳೀಯರನ್ನು ಬಿಟ್ಟು ಒಬ್ಬರೇ ಇಳಿಯಬೇಡಿ, ಕತ್ತಲಲ್ಲಿ ತಿರುವು ತಪ್ಪುತ್ತದೆ, ಮೆಟ್ಟಿಲು ಕಾಲಡಿ ನುಣುಪಾಗಿದೆ. ಹಣ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು ಮಾತನ್ನೂ ಮೊದಲೇ ಕೇಳಿಕೊಳ್ಳಿ: ‘ಅಣ್ಣ, ಕೆಳಗೆ ಹೋದ ಮೇಲೆ ಐದು ನಿಮಿಷ ಬ್ಯಾಟರಿ ಆರಿಸಿ, ಮಾತಾಡದೆ ಕೂರಬಹುದಾ?’ ಹಿಂದೆ ಬೇರೆ ಗುಂಪು ಕಾಯುತ್ತಿಲ್ಲವಾದರೆ ಒಪ್ಪುತ್ತಾರೆ. ವಾರದ ಮಧ್ಯೆ ಬಂದರೆ ಇದು ಸಾಧ್ಯ, ಭಾನುವಾರ ಕಷ್ಟ.

ಬೆಳಕು ಆರಿದ ಮೇಲೆ ಆಗುವುದನ್ನು ಗಮನಿಸಿ. ಬಿಸಿಲಿನಿಂದ ಬಂದ ಕಣ್ಣು ಪೂರ್ತಿ ಕತ್ತಲೆಗೆ ಒಗ್ಗಲು 20–30 ನಿಮಿಷ ಬೇಕು. ಐದು ನಿಮಿಷದಲ್ಲಿ ಏನೂ ಕಾಣುವುದಿಲ್ಲ. ಮುಖದ ಮುಂದೆ ಹಿಡಿದ ಕೈಯೂ ಕಾಣುವುದಿಲ್ಲ, ಆದರೆ ಕೈ ಅಲ್ಲಿದೆ ಎಂದು ಗೊತ್ತಿರುತ್ತದೆ. ಬೇರೆ ದಿನಗಳಲ್ಲಿ ಕಾಣುವ ವಸ್ತುಗಳ ನಡುವೆ ಕಳೆದುಹೋಗುವ ಈ ‘ಗೊತ್ತಿರುವುದು’ ಅಲ್ಲಿ ಒಂಟಿಯಾಗಿ ಸಿಗುತ್ತದೆ. ಉಪನಿಷತ್ತುಗಳು ಹೃದಯವನ್ನು ಗುಹೆ ಎಂದು ಕರೆದದ್ದು ಯಾಕೆ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಕೆಲವರಿಗೆ ಎದೆ ಬಡಿತ ಹೆಚ್ಚಿ, ಉಸಿರು ಕಟ್ಟಿದಂತಾಗುತ್ತದೆ. ಅದನ್ನು ಸಾಧನೆಯ ಲಕ್ಷಣ ಎಂದು ಸಹಿಸಿಕೊಂಡು ಕೂರಬೇಡಿ, ಬ್ಯಾಟರಿ ಹಾಕಿಸಿ, ಮೇಲೆ ಬನ್ನಿ. ಉಬ್ಬಸ ಇರುವವರು, ಇಕ್ಕಟ್ಟಿನ ಭಯ ಇರುವವರು ಹೊರಗೆ ಮರದ ಕೆಳಗೇ ಕೂತರೆ ಏನೂ ಕಳೆದುಕೊಳ್ಳುವುದಿಲ್ಲ. ಹೊರಬಂದ ತಕ್ಷಣ ಮಾತಿಗಿಳಿಯದೆ ಕೆರೆಯ ದಡದಲ್ಲಿ ಇಪ್ಪತ್ತು ನಿಮಿಷ ಕೂತು, ಬಾಗಿಲು ಹಾಕುವ ಮುಂಚೆ ಹೊರಡಿ. ರಾತ್ರಿ ಊಟ ಒಂದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಅಷ್ಟೇ ಇರಲಿ.

ಎರಡನೆಯ ದಿನ ಕೋಟೆ. ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ, ನೀವು ಮೊದಲ ಹತ್ತು ಜನರಲ್ಲಿರಬೇಕು. ಶಾಲಾ ಪ್ರವಾಸದ ಬಸ್ಸುಗಳು ಬರುವುದು ಒಂಬತ್ತರ ಮೇಲೆ. ಡಿಸೆಂಬರಿನಲ್ಲಂತೂ ಸಾಲುಸಾಲು. ಆ ಮೂರು ಗಂಟೆಯೇ ನಿಮ್ಮ ಕಾಲ. ಏಳು ಸುತ್ತಿನ ಕೋಟೆಯ ಬಾಗಿಲುಗಳೆಲ್ಲ ತಿರುವಿನಲ್ಲಿವೆ, ಒಂದರಿಂದ ಇನ್ನೊಂದು ಕಾಣುವುದಿಲ್ಲ. ನಡೆಯುತ್ತಲೇ ಉಸಿರು ಎಣಿಸುವುದಕ್ಕೆ ಈ ಏರು ಹೇಳಿಮಾಡಿಸಿದ್ದು: ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ನಾಲ್ಕಕ್ಕೆ ಹೊರಗೆ. ಏದುಸಿರು ಬಂದರೆ ನಡಿಗೆ ಜಾಸ್ತಿಯಾಗಿದೆ ಎಂದರ್ಥ. ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ ಗುಡಿಗಳಿಗೆ ಕೈಮುಗಿದು ಮುಂದೆ ಸಾಗಿ. ಗೋಪಾಲಸ್ವಾಮಿ ಹೊಂಡದವರೆಗೆ ಎಲ್ಲೂ ಕೂರಬೇಡಿ.

ಹೊಂಡದ ದಡ ಕೂರುವುದಕ್ಕೆ ಕೋಟೆಯಲ್ಲೇ ಒಳ್ಳೆಯ ಜಾಗ. ಬಂಡೆಗಳು ಗಾಳಿ ತಡೆಯುತ್ತವೆ, ಬೆಳಗಿನ ನೆರಳು ಬಹಳ ಹೊತ್ತು ಉಳಿಯುತ್ತದೆ. ಈ ನೀರಿನ ವ್ಯವಸ್ಥೆಯನ್ನೂ ನೋಡಿ: ಮೇಲಿನ ಹೊಂಡ ತುಂಬಿ ಹರಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಕಡೆಗೆ. ಮೊದಲು 20 ನಿಮಿಷ ಕೂತು, 10 ನಿಮಿಷ ನಿಧಾನವಾಗಿ ನಡೆದು, ಮತ್ತೆ 20 ನಿಮಿಷ ಕೂರಿ. ಒಂದೇ ಸಲ ಒಂದು ಗಂಟೆ ಕೂರುತ್ತೇನೆಂದು ಹೋದವರ ಕಾಲು ಮರಗಟ್ಟುತ್ತದೆ, ಎದ್ದಾಗ ಬಂಡೆಯ ಮೇಲೆ ಬೀಳುವ ಅಪಾಯ. ನೀರಿನ ಅಂಚಿನಿಂದ ಮೂರು ಮಾರು ದೂರವಿರಿ.

ಎರಡು ಕಾಟಗಳಿವೆ. ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು. ಹಣ್ಣು, ಬಿಸ್ಕತ್ತು ಕೋಣೆಯಲ್ಲೇ ಬಿಟ್ಟು, ನೀರನ್ನು ಬಟ್ಟೆ ಚೀಲದಲ್ಲಿ ಒಯ್ಯಿರಿ. ಇನ್ನೊಂದು ಹೆಜ್ಜೇನು. ಎತ್ತರದ ಬಂಡೆಗಳ ಮಗ್ಗುಲಲ್ಲಿ ಕಪ್ಪಗೆ ಜೋತುಬಿದ್ದ ತಟ್ಟಿಗಳು ಕಂಡರೆ ಅದರ ಕೆಳಗೆ ಕೂರಬೇಡಿ, ಊದುಬತ್ತಿ ಹಚ್ಚಬೇಡಿ, ಸೆಂಟು ಹಾಕಿಕೊಂಡು ಬರಬೇಡಿ. ಹುಳು ಎದ್ದರೆ ಕೈ ಬೀಸದೆ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬೇಗ ದೂರ ಹೋಗಿ. ನೀರಿಗೆ ಹಾರುವುದು ತಪ್ಪು, ತಲೆ ಎತ್ತುವುದನ್ನೇ ಅವು ಕಾದಿರುತ್ತವೆ.

ಹೊಂಡದಿಂದ ಮುಂದೆ ಕೋಟೆಯೊಳಗಿನ ಹಳೆಯ ಮುರುಘಾ ಮಠದ ಕಡೆಗೆ ಹೋಗಿಬನ್ನಿ. ಪಾಳೆಯಗಾರರ ಅರಮನೆ ಮಣ್ಣಿನ ಗೋಡೆಗಳಾಗಿ ನಿಂತಿರುವುದನ್ನೂ ದಾರಿಯಲ್ಲೇ ನೋಡುತ್ತೀರಿ. ಹತ್ತೂವರೆಗೆ ಇಳಿದುಬಿಡಿ. ಮಧ್ಯಾಹ್ನ ಮಲಗಿ, ಸಂಜೆ ಕೋಣೆಯಲ್ಲೇ ಒಂದು ಸಲ ಕೂರಿ. ಎರಡನೆಯ ದಿನದ ಸಂಜೆ ಬಹುತೇಕ ಎಲ್ಲರಿಗೂ ಒಂದು ಬೇಸರ ಬರುತ್ತದೆ: ಏನೂ ಆಗಲಿಲ್ಲ, ದುಡ್ಡು ದಂಡ, ಫೋನಾದರೂ ನೋಡೋಣ ಎಂದು. ಆ ಬೇಸರ ಯಾರಿಗೆ ಬಂತು ಎಂದು ಕೇಳುವುದಕ್ಕಾಗಿಯೇ ಹೊರಟು ಬಂದಿರುವುದು. ಫೋನು ಆರಿಸಿಯೇ ಇರಲಿ, ಮನೆಯವರಿಗೆ ರಾತ್ರಿ ಎಂಟಕ್ಕೆ ಒಂದು ಕರೆ ಸಾಕು.

ಮೂರನೆಯ ದಿನಕ್ಕೆ ಬಾಡಿಗೆ ಕಾರು ಬೇಕು. ಬಸ್ಸಿನಲ್ಲಿ ಎರಡೂ ಊರು ಒಂದೇ ದಿನಕ್ಕೆ ಆಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು, ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ. ಸಿದ್ದಾಪುರದ ಹೆಸರು ಹೇಳಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಅಶೋಕನ ಬಂಡೆ ಶಾಸನ ಇಲ್ಲಿದೆ. ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿರುವ ಪ್ರತಿಗಳ ಜೊತೆ ಇದನ್ನು ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಒಂಬತ್ತರೊಳಗೆ ತಲುಪಿ. ಓರೆ ಬೆಳಕಿನಲ್ಲಿ ಸವೆದ ಅಕ್ಷರಗಳ ಗೆರೆ ಎದ್ದು ಕಾಣುತ್ತದೆ, ನೆತ್ತಿಯ ಬಿಸಿಲಿಗೆ ಬರೀ ಬಂಡೆ. ಮುಟ್ಟಬೇಡಿ, ನೀರು ಹಾಕಬೇಡಿ.

ಓದಲು ಬರದಿದ್ದರೂ ಅದರಲ್ಲೇನಿದೆ ಎಂದು ತಿಳಿದುಕೊಂಡು ನಿಲ್ಲಿ. ಉಪಾಸಕನಾಗಿ, ಅಂದರೆ ಬುದ್ಧನ ದಾರಿ ಹಿಡಿದ ಗೃಹಸ್ಥನಾಗಿ, ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಆದರೆ ಒಂದು ವರ್ಷ ನಾನು ಗಟ್ಟಿಯಾಗಿ ಪ್ರಯತ್ನಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಒಂದು ವರ್ಷಕ್ಕೂ ಮೇಲ್ಪಟ್ಟು ಶ್ರಮಿಸಿದ್ದೇನೆ ಎಂದು ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ಒಪ್ಪಿಕೊಂಡಿದ್ದಾನೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು ಎಂಬುದು ಅದರ ಮುಂದಿನ ಮಾತು. 256 ಎಂಬ ಸಂಖ್ಯೆಯೂ ಇದೆ, ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹಲವು ವಿದ್ವಾಂಸರು ಅರ್ಥಮಾಡಿದ್ದಾರೆ. ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲೇ ಬರೆದು, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಹೋಗುವ ಲಿಪಿ. ಅಷ್ಟು ದೂರದ ಅಕ್ಷರ ನಮ್ಮ ಬಯಲುಸೀಮೆಯ ಕಲ್ಲಿನ ಮೇಲಿದೆ. ಹತ್ತಿರದ ನೆರಳಿನಲ್ಲಿ ಅರ್ಧ ಗಂಟೆ ಕೂರಿ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವುದು ಕಾಲು ಗಟ್ಟಿ ಇದ್ದವರಿಗೆ, ಅದೂ ಚಳಿಗಾಲದಲ್ಲಿ ಮಾತ್ರ.

ಹಿಂದಿರುಗುವಾಗ ನಾಯಕನಹಟ್ಟಿ. ಇಲ್ಲಿನ ಸಂತ ತಿಪ್ಪೇರುದ್ರಸ್ವಾಮಿಯ ಒಳಮಠ ಊರೊಳಗಿದೆ, ಐಕ್ಯಸ್ಥಳವಾದ ಹೊರಮಠ ಊರಾಚೆಗಿದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಆ ಸ್ವಾಮಿಯ ಮಾತೆಂದು ಇಲ್ಲಿ ಮಕ್ಕಳೂ ಹೇಳುತ್ತವೆ. ಕೆರೆಗಳನ್ನು ಕಟ್ಟಿಸಿದವರ ಊರಿದು, ಕಾಯಕ ಬಿಟ್ಟ ಧ್ಯಾನಕ್ಕೆ ಬೆಲೆಯಿಲ್ಲ. ಒಳಮಠದಲ್ಲಿ ದರ್ಶನ ಮಾಡಿ, ಕೂರುವುದಕ್ಕೆ ಹೊರಮಠಕ್ಕೆ ಹೋಗಿ. ಸೋಮವಾರ ಬೇಡ, ಜನ ಜಾಸ್ತಿ. ಫಾಲ್ಗುಣದ ಜಾತ್ರೆಯ ಆಸುಪಾಸಿನಲ್ಲಿ ಮೌನದ ಆಸೆಯನ್ನೇ ಬಿಡಬೇಕು. ಲಕ್ಷಾಂತರ ಮಂದಿ ಸೇರಿ ಕೊಬ್ಬರಿ ಸುಡುವ ಆ ದಿನಗಳನ್ನು ನೋಡಬೇಕೆಂದರೆ ಅದಕ್ಕೇ ಬೇರೆಯಾಗಿ ಬನ್ನಿ. ಪ್ರಸಾದ ಸಿಕ್ಕಿದರೆ ಉಂಡು, ಎಲೆಯನ್ನು ನೀವೇ ಎತ್ತಿ. ಅಲ್ಲಿಂದ ದುರ್ಗ ಒಂದು ಗಂಟೆಯ ದಾರಿ. ನಾಲ್ಕಕ್ಕೆ ಹೊರಟರೆ ದಾವಣಗೆರೆಯ ರಾತ್ರಿ ರೈಲಿಗೆ ಆತುರವಿಲ್ಲದೆ ತಲುಪಬಹುದು, ಮನೆಯಲ್ಲಿ ಮರುದಿನ ಬೆಳಿಗ್ಗೆ ಅದೇ ಹೊದಿಕೆ ಮಡಚಿ ಕೂರುವಷ್ಟು ನಿದ್ದೆಯೂ ಸಿಗುತ್ತದೆ.